ದಿಂಡಿಗಲ್ ಸೀಮೆಯ ಹಳ್ಳಿಗಳು ಮತ್ತು ಮನುಷ್ಯರ ವ್ಯಾಪಾರ

ಗುಲಾಮ ವ್ಯಾಪಾರ ಎಂದೊಡನೆ ಪಶ್ಚಿಮ ಆಫ್ರಿಕದ ಕಡಲತೀರ ನೆನಪಿಗೆ ಬರುವುದು ಸಹಜ. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಲೆಂದು ಹಡಗಿಗೆ ಹತ್ತಿಸಲಾಯಿತು. ಆಚೆಯ ದಡ ಕಂಡವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ನಡುಗಡಲಲ್ಲೇ ಸತ್ತರು. ಇಷ್ಟು ದೊಡ್ಡ ಪಾತಕದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಲು ಮನಸ್ಸು ಹಿಂಜರಿಯುತ್ತದೆ. ಆದರೂ ಅದೇ ಕಾಲದಲ್ಲಿ ಮದುರೆ ನಾಯಕರ ಸೀಮೆಯಿಂದ, ಅಂದರೆ ಇಂದಿನ ಮದುರೆ, ದಿಂಡಿಗಲ್, ತೇನಿ ಜಿಲ್ಲೆಗಳೆಲ್ಲ ಸೇರಿದ್ದ ನಾಡಿನಿಂದ, ಮನುಷ್ಯರನ್ನು ಬೆಲೆ ಕೊಟ್ಟು ಕೊಂಡು ಹಡಗು ತುಂಬಿಸಿದ್ದೂ ನಡೆದಿದೆ. ಎರಡು ಕಥೆಗಳ ಅಳತೆ ಒಂದೇ ಅಲ್ಲ. ಅವು ಶುರುವಾಗುವ ಜಾಗ ಮಾತ್ರ ಒಂದೇ: ಯುದ್ಧದಿಂದಲೋ ಬರದಿಂದಲೋ ಸಾಲದಿಂದಲೋ ಸೊರಗಿದ ಹಳ್ಳಿ. ಗುಲಾಮಗಿರಿಯ ಚರಿತ್ರೆಯನ್ನು ಹಡಗಿನಿಂದ ಆರಂಭಿಸುವ ರೂಢಿಯಲ್ಲಿ ಈ ಹಳ್ಳಿ ಮರೆಯಾಗುತ್ತದೆ. ಅದು ಮರೆಯಾದರೆ ಈ ವ್ಯಾಪಾರ ಯಾಕೆ ಮತ್ತೆ ಮತ್ತೆ ಬೇರೆ ಬೇರೆ ಹೆಸರಿನಲ್ಲಿ ಮರುಕಳಿಸಿತು ಎಂಬುದೂ ಅರ್ಥವಾಗದೆ ಉಳಿಯುತ್ತದೆ.

ಕಂಬಂ ಕಣಿವೆ ಪಶ್ಚಿಮ ಘಟ್ಟಕ್ಕೂ ಮೇಘಮಲೆ, ವರುಸನಾಡು ಬೆಟ್ಟಗಳಿಗೂ ನಡುವೆ ಚಾಚಿಕೊಂಡಿರುವ ಹಸಿರು ನೆಲ. ಮುಲ್ಲೈ, ಸುರುಳಿ ಹೊಳೆಗಳ ನೀರಿನಿಂದ ಗದ್ದೆ, 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಇನ್ನಷ್ಟು ಗದ್ದೆ. ದಿಂಡಿಗಲ್, ವೇಡಸಂದೂರಿನ ಕಡೆ ನೆಲ ಒಣಕಲು. ಅಲ್ಲಿ ಬೇಸಾಯ ನಿಂತಿರುವುದು ಬಾವಿ ಮತ್ತು ಮಳೆಯ ಮೇಲೆ. ಈ ಸೀಮೆಗೆ ಕನ್ನಡದ ನಂಟು ಹಳೆಯದು. ಕಂಬಂ ಕಣಿವೆಯ ಕಪ್ಪಿಲಿಯರು ಮನೆಯೊಳಗೆ ಇಂದಿಗೂ ಕನ್ನಡವಾಡುವ ಒಕ್ಕಲಿಗರು; ಕಂಬಂ ಊರಿನಲ್ಲಿ ತಂಬಿರಾನ್ ದನಗಳೆಂಬ ದೇವರ ಮಂದೆಯನ್ನು ಅವರು ಸಾಕಿಕೊಂಡು ಬಂದಿದ್ದಾರೆ. ಕನ್ನಡ ಮಾತಿನ ದೇವಾಂಗ ನೇಕಾರರೂ ಅನುಪ್ಪರೂ ದಿಂಡಿಗಲ್ ಸುತ್ತ ನೆಲೆಸಿದ್ದಾರೆ. ನಾಯಕರ ಕಾಲದಲ್ಲಿ ಊರುಗಳ ಮೇಲೆ ಪಾಳೆಯಗಾರರು, ಊರೊಳಗೆ ಕಾವಲಿನವರು, ಹೊಲ ಉಳ್ಳವರು, ಕುಶಲ ಕಸುಬಿನವರು. ಇವರೆಲ್ಲರ ಕೆಳಗೆ ಊರ ಹೊರಗಿನ ಚೇರಿಯಲ್ಲಿ ದುಡಿಯುವ ಪಳ್ಳರು, ಪರೆಯರು. ಗದ್ದೆಯ ಸೀಮೆಗಳಲ್ಲಿ ಈ ದುಡಿಮೆಗಾರನನ್ನು ಪಣ್ಣೈಯಾಳ್ ಎಂದು ಕರೆಯುತ್ತಿದ್ದರು. ಅವನ ಮದುವೆಗೆ ಒಡೆಯ ಕೊಟ್ಟ ಹಣ, ಬರದಲ್ಲಿ ಕೊಟ್ಟ ಕಾಳು ಸಾಲವಾಗಿ ಬೆಳೆದು ಅವನನ್ನೂ ಅವನ ಮಕ್ಕಳನ್ನೂ ಅದೇ ಹೊಲಕ್ಕೆ ಕಟ್ಟಿಹಾಕುತ್ತಿತ್ತು. ಆದ್ದರಿಂದ ಪರದೇಶದವರು ಬರುವ ಮುಂಚೆ ಹಳ್ಳಿ ಸ್ವತಂತ್ರರ ನೆಲೆಯಾಗಿತ್ತು ಎಂದು ಚಿತ್ರಿಸುವುದು ಸುಳ್ಳಾಗುತ್ತದೆ.

ಪಶ್ಚಿಮ ಆಫ್ರಿಕದ ಹಳ್ಳಿಯ ಬಗ್ಗೆಯೂ ಇದೇ ಎಚ್ಚರ ಬೇಕು. ಒಲಾಡಾ ಇಕ್ವಿಯಾನೊ 1789ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತಾನು ಹುಟ್ಟಿದ ಇಗ್ಬೊ ಊರನ್ನು ವಿವರವಾಗಿ ಬಣ್ಣಿಸಿದ್ದಾನೆ: ಗೆಣಸಿನ ಹೊಲ, ಒಂದೇ ಆವರಣದೊಳಗಿನ ಕುಟುಂಬದ ಮನೆಗಳು, ನ್ಯಾಯ ಹೇಳುವ ಹಿರಿಯರು, ಹತ್ತಿ ನೂತು ಬಟ್ಟೆ ನೇಯುವ ಹೆಂಗಸರು. ಅದೇ ಊರಿನಲ್ಲಿ ಆಳುಗಳನ್ನು ಇಟ್ಟುಕೊಂಡವರೂ ಇದ್ದರೆಂದು ಅವನು ಮುಚ್ಚಿಡದೆ ಬರೆಯುತ್ತಾನೆ. ದೊಡ್ಡವರು ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವನನ್ನೂ ಅವನ ಸೋದರಿಯನ್ನೂ ಕಳ್ಳರು ಗೋಡೆ ಹಾರಿ ಬಂದು ಹೊತ್ತೊಯ್ದರು. ಕೆಲವೇ ದಿನಗಳಲ್ಲಿ ಆ ಒಡಹುಟ್ಟಿದವರನ್ನು ಬೇರೆ ಬೇರೆ ಕಡೆ ಮಾರಿದರು. ಅವನು ಹುಟ್ಟಿದ್ದು ಅಮೆರಿಕದಲ್ಲಿ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಅದು ಹೇಗೇ ಇರಲಿ, ಅವನು ಹೇಳುವ ರೀತಿಯ ಅಪಹರಣ ಆ ತೀರದ ಒಳನಾಡಿನಲ್ಲಿ ದಿನನಿತ್ಯದ ಭಯವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷ್ಯಗಳಿವೆ. ಸಾಲಕ್ಕೆ ಮನುಷ್ಯರನ್ನೇ ಒತ್ತೆಯಿಡುವ ಪದ್ಧತಿಯೂ ಅಲ್ಲಿತ್ತು. ಕಡಲಲ್ಲಿ ಕೊಳ್ಳುವವನು ನಿಂತ ಮೇಲೆ ಆ ಒತ್ತೆ ಮಾರಾಟವಾಯಿತು, ಊರೂರುಗಳ ಜಗಳ ಸೆರೆ ಹಿಡಿಯುವ ದಂಡಯಾತ್ರೆಯಾಯಿತು. ಊರೊಳಗಿನ ಆಳಿಗೆ ತಾಯಿ ಎಲ್ಲಿದ್ದಾಳೆಂದು ಗೊತ್ತಿರುತ್ತದೆ. ಮಾರಿಹೋದವನಿಗೆ ಅದೂ ಇಲ್ಲ. ಒಳಗಿನ ಜೀತಕ್ಕೂ ಹೊರಗಿನ ವ್ಯಾಪಾರಕ್ಕೂ ಇರುವ ಅಂತರ ಇಷ್ಟು ದೊಡ್ಡದು. ಹಾಗೆಂದು ಅವೆರಡನ್ನು ಬಿಡಿಸಿ ನೋಡಲಾಗದು. ಮನುಷ್ಯನನ್ನು ಸಾಲಕ್ಕೆ ಕಟ್ಟಬಹುದು ಎಂದು ಒಪ್ಪಿಕೊಂಡಿದ್ದ ಊರಿನಲ್ಲಿ ಮನುಷ್ಯನನ್ನು ಕೊಳ್ಳಬಂದವನಿಗೆ ಹೆಚ್ಚು ಕಷ್ಟವಾಗಲಿಲ್ಲ.

ಮದುರೆ ಸೀಮೆಯಲ್ಲಿ ಅಂಥ ಕೊಳ್ಳುವವರಿಗೆ ದಾರಿ ಮಾಡಿಕೊಟ್ಟಿದ್ದರಲ್ಲಿ ಮೈಸೂರಿನ ಪಾತ್ರವೂ ಇದೆ. ಇದನ್ನು ಕನ್ನಡಿಗರು ತಿಳಿದಿರಬೇಕು. ತಿರುಮಲ ನಾಯಕನ ಕೊನೆಯ ವರ್ಷಗಳಲ್ಲಿ, 1650ರ ದಶಕದ ಉತ್ತರಾರ್ಧದಲ್ಲಿ, ಕಂಠೀರವ ನರಸರಾಜ ಒಡೆಯರ ಸೈನ್ಯ ಸತ್ಯಮಂಗಲದ ಮಾರ್ಗವಾಗಿ ಮದುರೆಯತ್ತ ನುಗ್ಗಿತು. ಸಿಕ್ಕವರ ಮೂಗು ಕೊಯ್ದು ಚೀಲ ತುಂಬಿ ಕಳಿಸಿದರೆಂದು ಜೆಸ್ವಿಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಇತಿಹಾಸದಲ್ಲಿ ಇದು ಮೂಗು ಕೊಯ್ಯುವ ಯುದ್ಧವೆಂದೇ ಹೆಸರಾಗಿದೆ. ಮದುರೆಯವರು ಮೈಸೂರು ಸೀಮೆಗೆ ನುಗ್ಗಿ ಅದೇ ಕ್ರೌರ್ಯದಿಂದ ಸೇಡು ತೀರಿಸಿಕೊಂಡರು. ಬಿಜಾಪುರದ ದಂಡುಗಳೂ ಅದೇ ವರ್ಷಗಳಲ್ಲಿ ದಕ್ಷಿಣಕ್ಕೆ ಇಳಿದಿದ್ದವು. ದಂಡು ಬಂದ ಕಡೆ ರೈತ ಹೊಲ ಬಿಟ್ಟು ಕಾಡು ಸೇರುತ್ತಿದ್ದ. ಬಿತ್ತನೆ ತಪ್ಪಿದ ಊರಿಗೆ ಮಳೆಯೂ ಕೈಕೊಟ್ಟಾಗ 1659ರಿಂದ 1661ರವರೆಗೆ ಭೀಕರ ಬರ ಬಿತ್ತು. ತಿರುಮಲ ನಾಯಕ 1659ರಲ್ಲಿ ತೀರಿಕೊಂಡಿದ್ದ. ಪಟ್ಟಕ್ಕೆ ಬಂದವರಿಗೆ ನಾಡನ್ನು ಹಿಡಿದು ನಿಲ್ಲಿಸುವ ಬಲ ಇರಲಿಲ್ಲ.

ಡಚ್ ಈಸ್ಟ್ ಇಂಡಿಯಾ ಕಂಪನಿ 1658ರಲ್ಲಷ್ಟೇ ಪೋರ್ಚುಗೀಸರಿಂದ ನಾಗಪಟ್ಟಣವನ್ನೂ ತೂತ್ತುಕ್ಕುಡಿಯನ್ನೂ ಕಿತ್ತುಕೊಂಡಿತ್ತು. ಸಿಂಹಳದಲ್ಲಿ ಅದಕ್ಕೆ ಹೊಸದಾಗಿ ಸಿಕ್ಕ ನೆಲದಲ್ಲಿ ಗದ್ದೆ ಮಾಡಲು, ಕೋಟೆ ಕಟ್ಟಲು ಆಳು ಬೇಕಿತ್ತು. ಬರದ ಆ ಎರಡು ಮೂರು ವರ್ಷಗಳಲ್ಲಿ ಕೋರಮಂಡಲ ತೀರದಿಂದ ಕಂಪನಿ 8,000ದಿಂದ 10,000 ಜನರನ್ನು ಕೊಂಡು ಸಾಗಿಸಿತು. ಹೆಚ್ಚಿನವರು ಸಿಂಹಳಕ್ಕೆ, ಕೆಲವರು ಬಟೇವಿಯಕ್ಕೆ, ಮಲಕ್ಕಕ್ಕೆ ಹೋದರು. 1673ರಿಂದ 1677ರ ನಡುವೆ ಮದುರೆಯ ಕರಾವಳಿಯೊಂದರಿಂದಲೇ 1,839 ಜನರನ್ನು ಸಾಗಿಸಿದ ಲೆಕ್ಕವಿದೆ. ದಕ್ಷಿಣದಲ್ಲಿ ಮತ್ತೆ ಯುದ್ಧ ನಡೆದಾಗ, ಅಂದರೆ 1694ರಿಂದ 1696ರವರೆಗೆ, ಸಿಂಹಳಕ್ಕೆ ಖಾಸಗಿಯಾಗಿ ತಂದಿಳಿಸಿದವರು 3,859 ಮಂದಿ. ಈ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮನುಷ್ಯರ ಖರೀದಿ ವರ್ಷವಿಡೀ ಒಂದೇ ಸಮ ನಡೆಯುತ್ತಿರಲಿಲ್ಲ. ಬರ ಬಂದಾಗ, ದಂಡು ಬಂದಾಗ ಅದು ಉಕ್ಕುತ್ತಿತ್ತು. ಮಳೆ ಬೆಳೆ ಸರಿಯಾದೊಡನೆ ಇಳಿಯುತ್ತಿತ್ತು. ಹೊಟ್ಟೆ ತುಂಬಿದ ಊರಿನಿಂದ ಆಳು ಸಿಗುವುದಿಲ್ಲವೆಂದು ಕಂಪನಿಯ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆ ಹೋದವರ ಹೆಸರುಗಳು ಡಚ್ಚರ ಕಡತಗಳಲ್ಲಿ ಉಳಿದಿರುವ ಬಗೆಯೇ ಎದೆ ಹಿಂಡುವಂಥದ್ದು. ದಕ್ಷಿಣ ಆಫ್ರಿಕದ ಕೇಪ್‌ಗೆ 17 ಮತ್ತು 18ನೆಯ ಶತಮಾನಗಳಲ್ಲಿ ತಂದ ಗುಲಾಮರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಭಾರತದಿಂದ ಹೋದವರು. ಅವರ ಮನೆಯ ಹೆಸರು, ಊರಿನ ಹೆಸರು, ತಂದೆಯ ಹೆಸರು ಯಾವುದೂ ಅಲ್ಲಿಲ್ಲ. ಒಡೆಯ ತನಗೆ ತೋಚಿದ ಹೆಸರು ಇಟ್ಟಿದ್ದಾನೆ, ಎಷ್ಟೋ ಸಲ ತಿಂಗಳಿನ ಹೆಸರನ್ನೇ ಇಟ್ಟಿದ್ದಾನೆ. ಅದರ ಮುಂದೆ ‘ವ್ಯಾನ್ ಕೋರಮಂಡಲ್’ ಅಥವಾ ‘ವ್ಯಾನ್ ಬೆಂಗಾಲೆ’ ಎಂಬ ಗುರುತು. ಇಡೀ ಕರಾವಳಿಯೇ ಒಬ್ಬನ ಹುಟ್ಟೂರಾದ ಮೇಲೆ ಅವನ ಮೊಮ್ಮಗನಿಗೆ ಹುಡುಕಿಕೊಂಡು ಬರಲು ದಾರಿ ಉಳಿಯುವುದಿಲ್ಲ. ಪಶ್ಚಿಮ ಆಫ್ರಿಕದಿಂದ ಹೋದವರಿಗೂ ಹೀಗೆಯೇ ಆಯಿತು. ಮೊಜಾಂಬಿಕ್ ಕಡೆಯಿಂದ ಪೋರ್ಚುಗೀಸರು ಗೋವೆಗೆ ತಂದು, ಮುಂದೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡು ಸೇರಿದ ಸಿದ್ದಿಗಳಿಗೂ ಮೂಲ ಊರಿನ ಗುರುತು ಉಳಿಯಲಿಲ್ಲ.

ಬರಗಾಲದ ಈ ಖರೀದಿಯನ್ನು ಸಮರ್ಥಿಸುವ ಒಂದು ವಾದ ಅಂದಿನಿಂದ ಇಂದಿನವರೆಗೂ ಇದೆ. ಸಾಯುತ್ತಿದ್ದವರನ್ನು ಕೊಂಡು ಉಣ್ಣಿಸಿದರು, ಮಾರದಿದ್ದರೆ ಅವರು ಬೀದಿಯಲ್ಲೇ ಹೆಣವಾಗುತ್ತಿದ್ದರು, ಮಕ್ಕಳನ್ನು ತಂದು ಒಪ್ಪಿಸಿದವರು ಅವರ ತಂದೆತಾಯಿಗಳೇ ಅಲ್ಲವೆ ಎಂಬುದು ಆ ವಾದ. ಇದರಲ್ಲಿ ಒಂದು ಸತ್ಯಾಂಶವಿದೆ. ಹಸಿದ ತಾಯಿ ಮಗುವನ್ನು ಮಾರಿದ್ದು ಅದು ಬದುಕಲಿ ಎಂಬ ಆಸೆಯಿಂದ. ಆದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಉಣ್ಣಿಸಲು ಅಕ್ಕಿ ಇತ್ತು, ಸಾಗಿಸಲು ಹಡಗು ಇತ್ತು ಎಂದ ಮೇಲೆ ಅದೇ ಅಕ್ಕಿಯನ್ನು ಮನುಷ್ಯನ ಬೆಲೆಯಾಗಿ ಮಾತ್ರ ಕೊಟ್ಟದ್ದು ಏಕೆ ಎಂಬ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ. ಕಂಪನಿ ಕಾಗದದಲ್ಲಿ ಬರೆಸಿಕೊಂಡ ಒಪ್ಪಿಗೆ ಆ ಕ್ಷಣದ ಹಸಿವಿನದು. ಅದಕ್ಕೆ ತೆತ್ತ ಬೆಲೆ ಆ ಮಗುವಿನ ಇಡೀ ಜೀವಮಾನ, ಅದರ ಮಕ್ಕಳ ಜೀವಮಾನವೂ ಕೂಡ.

ಎರಡು ಖಂಡಗಳ ಈ ಕಥೆಗಳು ಬರಿಯ ಹೋಲಿಕೆಯಿಂದ ಹತ್ತಿರವಾದವಲ್ಲ, ವ್ಯಾಪಾರದ ಲೆಕ್ಕಪುಸ್ತಕದಲ್ಲಿಯೂ ಅವು ಸೇರಿಕೊಂಡಿದ್ದವು. ಪಶ್ಚಿಮ ಆಫ್ರಿಕದ ತೀರದಲ್ಲಿ ಮನುಷ್ಯರಿಗೆ ಬದಲಾಗಿ ಕೊಡುತ್ತಿದ್ದ ಸರಕಿನಲ್ಲಿ ದೊಡ್ಡ ಪಾಲು ಬಟ್ಟೆ. ಆ ಬಟ್ಟೆಯಲ್ಲಿ ಬಹಳಷ್ಟು ಭಾರತದ್ದು. ಕೋರಮಂಡಲದ ಉದ್ದನೆಯ ಹತ್ತಿ ಬಟ್ಟೆಗೆ ‘ಗಿನಿ ಬಟ್ಟೆ’ ಎಂಬ ಹೆಸರು ಬಂದದ್ದೇ ಅದು ಗಿನಿ ತೀರಕ್ಕೆ ಹೋಗುತ್ತಿದ್ದುದರಿಂದ. ಪುದುಚೇರಿಯಿಂದ ಫ್ರೆಂಚರು ನೀಲಿ ಅದ್ದಿದ ಬಟ್ಟೆಯನ್ನು ಸೆನೆಗಲ್‌ಗೆ ಒಯ್ಯುತ್ತಿದ್ದರು. ಮಾಲ್ಡೀವ್ಸ್‌ನ ಕವಡೆ ಸಿಂಹಳ, ಬಂಗಾಳಗಳ ಮೂಲಕ ಯೂರೋಪಿಗೆ ಹೋಗಿ ಅಲ್ಲಿಂದ ಬೆನಿನ್ ತೀರದಲ್ಲಿ ನಾಣ್ಯವಾಗಿ ಚಲಾವಣೆಯಾಯಿತು. ಮುಂಗಡದ ಸಾಲದಲ್ಲಿ ಮುಳುಗಿ ಮಗ್ಗದ ಮುಂದೆ ಕೂತಿದ್ದ ತಮಿಳು ಸೀಮೆಯ ನೇಕಾರನಿಗೆ ತನ್ನ ಬಟ್ಟೆ ಎಲ್ಲಿಗೆ ಹೋಗುತ್ತದೆ, ಯಾರ ಬೆಲೆಯಾಗುತ್ತದೆ ಎಂಬುದು ತಿಳಿಯುವಂತೆಯೇ ಇರಲಿಲ್ಲ.

ಕಾನೂನಿನ ಕಥೆ ಇನ್ನೂ ವಿಚಾರಕ್ಕೆ ಹಚ್ಚುವಂಥದ್ದು. ಇಕ್ವಿಯಾನೊನ ಪುಸ್ತಕ ಹೊರಬಂದ 1789ರಲ್ಲಿಯೇ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಭಾರತದಿಂದ ಗುಲಾಮರನ್ನು ಹೊರಗೆ ಸಾಗಿಸುವುದನ್ನು ನಿಷೇಧಿಸಿದ. 1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರವನ್ನೂ 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನೂ ರದ್ದುಮಾಡಿತು. 1833ರ ಆ ಹೆಸರಾಂತ ಕಾಯ್ದೆಯಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ನೆಲ, ಸಿಂಹಳ ಮತ್ತು ಸೇಂಟ್ ಹೆಲೆನಾಗಳಿಗೆ ಇದು ಅನ್ವಯಿಸದು ಎಂಬ ಮಾತೂ ಇದೆ. ಭಾರತದ ಜೀತ ಮೃದುವಾದದ್ದು, ಮನೆಮಂದಿಯ ಸಂಬಂಧದಂಥದ್ದು, ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಕ್ಕೆ ಅದನ್ನು ಹೋಲಿಸಬಾರದು ಎಂಬುದು ಅಧಿಕಾರಿಗಳ ಸಮರ್ಥನೆ. ಕಂದಾಯದ ಗದ್ದೆ ಪಾಳು ಬೀಳಬಾರದು ಎಂಬ ಚಿಂತೆ ಅದರ ಹಿಂದಿತ್ತು. ಹೆಚ್ಚು ಕ್ರೂರವಾದುದನ್ನು ತೋರಿಸಿ ಕಡಿಮೆ ಕ್ರೂರವಾದುದನ್ನು ಸಹ್ಯವಾಗಿಸುವ ಈ ಬುದ್ಧಿ ಅಂದಿಗೆ ಮುಗಿಯಲಿಲ್ಲ. ಕೊನೆಗೆ 1843ರ ಐದನೆಯ ಕಾಯ್ದೆ ಗುಲಾಮನ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡಕೂಡದು ಎಂದಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆ ಮನುಷ್ಯರನ್ನು ಮಾರುವುದನ್ನು ಅಪರಾಧವಾಗಿಸಿತು. ಪಣ್ಣೈಯಾಳಿನ ಮದುವೆಯ ಸಾಲವನ್ನು ಇವೆರಡೂ ಮುಟ್ಟಲಿಲ್ಲ. ಅಷ್ಟೇ ಅಲ್ಲ, 1859ರ ಹದಿಮೂರನೆಯ ಕಾಯ್ದೆ ಮುಂಗಡ ಪಡೆದು ಕೆಲಸ ಬಿಟ್ಟ ದುಡಿಮೆಗಾರನನ್ನು ಜೈಲಿಗೆ ಕಳಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಗುಲಾಮನ ಒಡೆಯನಿಗೆ ಕೋರ್ಟಿನಲ್ಲಿ ಇಲ್ಲವಾದ ಹಕ್ಕು ಸಾಲ ಕೊಟ್ಟವನಿಗೆ ಹದಿನಾರೇ ವರ್ಷಗಳಲ್ಲಿ ದಕ್ಕಿತು. ಆ ಕಾಯ್ದೆ 1920ರ ದಶಕದ ನಡುಭಾಗದವರೆಗೆ ಬದುಕಿತ್ತು.

ಮುಂಗಡದ ಇದೇ ನೆರಳಿನಲ್ಲಿ ಬೆಳೆದದ್ದು ಕಂಗಾಣಿ ಪದ್ಧತಿ. ಸಿಂಹಳದಲ್ಲಿ 1830ರ ದಶಕದಿಂದ ಕಾಫಿ ತೋಟಗಳೂ, ಎಲೆ ರೋಗದಿಂದ ಕಾಫಿ ಹಾಳಾದ ಮೇಲೆ ಚಹಾ ತೋಟಗಳೂ ಎದ್ದವು. ತೋಟಕ್ಕೆ ಆಳು ಕೂಡಿಸುವ ಕಂಗಾಣಿ ಪರದೇಶದವನಲ್ಲ; ಊರಿಗೆ, ಜಾತಿಗೆ ಸೇರಿದವನೇ. ಅವನು ಹಳ್ಳಿಗೆ ಬಂದು ಮುಂಗಡ ಕೊಡುತ್ತಿದ್ದ: ಊರಲ್ಲಿದ್ದ ಹಳೆಯ ಸಾಲ ತೀರಿಸಲು ಒಂದಿಷ್ಟು, ದಾರಿ ಖರ್ಚಿಗೆ ಒಂದಿಷ್ಟು, ಚಳಿಗೆ ಒಂದು ಕಂಬಳಿ. ಎಲ್ಲವೂ ಕೂಲಿಯವನ ಲೆಕ್ಕಕ್ಕೆ ಬೀಳುತ್ತಿತ್ತು. ಮದುರೆ, ತಿರುಚಿರಾಪಳ್ಳಿ, ಸೇಲಂ ಸೀಮೆಗಳ ಜನ ಪಾಂಬನ್‌ವರೆಗೆ ನಡೆದು, ದೋಣಿಯಲ್ಲಿ ಮನ್ನಾರಿಗೆ ದಾಟಿ, ಅಲ್ಲಿಂದ ಕಾಡುದಾರಿಯಲ್ಲಿ ಮಾತಳೆ, ಕ್ಯಾಂಡಿಯ ಬೆಟ್ಟಗಳಿಗೆ ನಡೆಯುತ್ತಿದ್ದರು. ಕಾಲರಾ, ಜ್ವರಗಳಿಂದ ದಾರಿಯಲ್ಲೇ ಬಿದ್ದವರು ಅಸಂಖ್ಯ. ತೋಟದಲ್ಲಿ ದಿನದಿನ ಕೆಲಸಕ್ಕೆ ಇಳಿದ ಪ್ರತಿ ತಲೆಗೂ ಕಂಗಾಣಿಗೆ ಕಾಸು ಸಿಗುತ್ತಿತ್ತು. ಕೂಲಿಯವನು ಬೇರೆ ತೋಟಕ್ಕೆ ಹೋಗಬೇಕಾದರೆ ‘ತುಂಡು’ ಎಂಬ ಚೀಟಿ ಬೇಕು. ಅವನ ಬಾಕಿ ಎಷ್ಟೆಂದು ಅದರಲ್ಲಿ ಬರೆದಿರುತ್ತಿತ್ತು, ಹೊಸ ತೋಟದವರು ಆ ಬಾಕಿ ಕಟ್ಟಿದರೆ ಮಾತ್ರ ಬಿಡುಗಡೆ. ಕೂಲಿಯವನ ಬೆಲೆ ನಮೂದಾದ ಕಾಗದ ಕೈಯಿಂದ ಕೈಗೆ ಹೋಗುತ್ತಿದ್ದ ಈ ವ್ಯವಸ್ಥೆಯನ್ನು ರದ್ದುಮಾಡಿದ್ದು 1921ರಲ್ಲಿ. 1876ರಿಂದ 1878ರವರೆಗಿನ ಮಹಾ ಬರಗಾಲದಲ್ಲಿ ಕಡಲು ದಾಟುವವರ ಸಂಖ್ಯೆ ಏರಿತು. ಡಚ್ಚರ ಕಾಲದಂತೆಯೇ ಹಸಿವೇ ಜನರನ್ನು ಹೊರಡಿಸಿತು.

ಕಂಬಂ ಕಣಿವೆಯವರಿಗೆ ಇದು ಕಡಲಾಚೆಯ ಕಥೆ ಮಾತ್ರ ಆಗಿರಲಿಲ್ಲ. 1877ರಲ್ಲಿ ಪೂಂಜಾರ್ ರಾಜನಿಂದ ಕಣ್ಣನ್ ದೇವನ್ ಬೆಟ್ಟಗಳು ಬ್ರಿಟಿಷರ ಕೈಗೆ ಬಂದ ಮೇಲೆ ಬೋಡಿನಾಯಕನೂರಿನಿಂದ ಕೊಟ್ಟಗುಡಿಯ ಮೂಲಕ ಮೇಲೇರುವ ದಾರಿ ಕೂಲಿಗಳ ದಾರಿಯಾಯಿತು. ಏಲಕ್ಕಿ ಮಲೆಗೆ ಕುಮುಳಿ, ಕಂಬಂ ಮೆಟ್ಟು, ಬೋಡಿ ಮೆಟ್ಟುಗಳ ದಾರಿ. ಘಟ್ಟದ ತೋಟದಲ್ಲಿ ಸಾಲಕ್ಕಾಗಿ ದುಡಿಯಹೋದವರ ಪಾಡು ಕನ್ನಡ ಓದುಗರಿಗೆ ಅಪರಿಚಿತವಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಕಾಫಿ ತೋಟದ ಸಾಲ ತೀರಿಸಲು ಘಟ್ಟ ಹತ್ತುತ್ತಾರೆ, ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ತಿರುಗಿ ಬರುವುದಿಲ್ಲ. ಕಾದಂಬರಿ ಬಂದದ್ದು 1933ರಲ್ಲಿ. ಅದೇ ಕಾಲದಲ್ಲಿ ಅದೇ ಘಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ ಇದೇ ಲೆಕ್ಕಾಚಾರ ನಡೆದಿತ್ತು.

ಸಂವಿಧಾನದ 23ನೆಯ ವಿಧಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸುತ್ತದೆ. ಆದರೆ ಮುಂಗಡವನ್ನೇ ನೇರವಾಗಿ ಕೆಣಕಿದ ಕಾನೂನು ಬಂದದ್ದು 1976ರಲ್ಲಿ. ಜೀತ ಪದ್ಧತಿ ರದ್ದತಿ ಕಾಯ್ದೆ ಜೀತಕ್ಕೆ ಕಾರಣವಾದ ಸಾಲವನ್ನೇ ಇಲ್ಲವಾಗಿಸಿತು. ಇದು ಜೀತದ ಸಾಲವಲ್ಲ ಎಂದು ಸಾಬೀತುಮಾಡುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆ ಹೊರಿಸಿತು. 1982ರ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬರೆದ ಆ ತೀರ್ಪಿನ ತಿರುಳು ಇದು: ಬಲವಂತವೆಂದರೆ ಹೊಡೆತ, ಬೆದರಿಕೆ ಮಾತ್ರವಲ್ಲ, ಹಸಿವು, ಬಡತನಗಳ ಒತ್ತಡಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನದೂ ಬಲವಂತದ ದುಡಿಮೆಯೇ. 1661ರಲ್ಲಿ ನಾಗಪಟ್ಟಣದ ಬಂದರಿನಲ್ಲಿ ಬರೆಸಿಕೊಂಡ ಒಪ್ಪಿಗೆಗೆ ಈ ನೆಲದ ನ್ಯಾಯಾಲಯವೊಂದು ಕೊಟ್ಟ ಸ್ಪಷ್ಟವಾದ ಉತ್ತರ ಇದೇ ಎನ್ನಬಹುದು.

ಇಷ್ಟಾದ ಮೇಲೂ ದಿಂಡಿಗಲ್ ಜಿಲ್ಲೆಯ ಹೆಸರು ಜಗತ್ತಿಗೆ ಮತ್ತೆ ಕೇಳಿಸಿದ್ದು ದುಡಿಮೆಯ ಕಟ್ಟುಪಾಡಿನ ಕಾರಣಕ್ಕೇ. ವೇಡಸಂದೂರು, ದಿಂಡಿಗಲ್ ಸುತ್ತಮುತ್ತ ನೂಲಿನ ಗಿರಣಿಗಳು ದಟ್ಟವಾಗಿವೆ. 2000ದ ದಶಕದಿಂದ ಇಲ್ಲಿಯೂ ಕೊಯಮತ್ತೂರು, ತಿರುಪ್ಪೂರು ಕಡೆಯೂ ‘ಸುಮಂಗಲಿ’ ಯೋಜನೆ ಎಂಬ ಹೆಸರಿನಲ್ಲಿ ನಡೆದ ನೇಮಕದ ರೀತಿ ಹೀಗೆ: ಬಡ ಹಳ್ಳಿಗೆ ದಳ್ಳಾಳಿ ಬರುತ್ತಾನೆ, ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನ ಹುಡುಗಿಯರಿರುವ ಮನೆ ಹುಡುಕುತ್ತಾನೆ. ಮೂರು ವರ್ಷ ಗಿರಣಿಯ ಹಾಸ್ಟೆಲಿನಲ್ಲಿದ್ದು ದುಡಿದರೆ ಕೊನೆಗೆ ಮದುವೆಗೆಂದು ಮೂವತ್ತರಿಂದ ಐವತ್ತು ಸಾವಿರದ ಒಂದು ಗಂಟು. ಆ ಗಂಟು ಅವಳದೇ ಕೂಲಿಯಿಂದ ತಿಂಗಳು ತಿಂಗಳು ಹಿಡಿದಿಟ್ಟ ಹಣ. ಹೊರಗೆ ಹೋಗಲು, ಫೋನು ಮಾಡಲು ಅಪ್ಪಣೆ ಬೇಕು. ಕಾಯಿಲೆ ಬಿದ್ದೋ ಸಹಿಸಲಾರದೆಯೋ ಅವಧಿಗೆ ಮುಂಚೆ ಹೊರಟರೆ ಗಂಟು ಕೈಬಿಡುತ್ತದೆ. ಹೀಗೆ ಹೋದವರಲ್ಲಿ ಬಹುಪಾಲು ದಲಿತ ಕುಟುಂಬದ ಹುಡುಗಿಯರು. ಪಣ್ಣೈಯಾಳನ್ನು ಹೊಲಕ್ಕೆ ಕಟ್ಟಿದ್ದೂ ಮದುವೆಯ ಖರ್ಚೇ. ಅಲ್ಲಿ ಹಣ ಮೊದಲು ಬಂದು ದುಡಿಮೆ ಆಮೇಲೆ ನಡೆಯುತ್ತಿತ್ತು, ಇಲ್ಲಿ ದುಡಿಮೆ ಮೊದಲು, ಹಣ ಆಮೇಲೆ. ಎರಡರಲ್ಲೂ ನಡುವೆ ಬಿಟ್ಟು ಹೋಗುವ ಸ್ವಾತಂತ್ರ್ಯವನ್ನು ಕಿತ್ತುಕೊಂಡದ್ದು ಆ ಹಣವೇ.

ಇದನ್ನು ಗುಲಾಮಗಿರಿ ಎಂದು ಕರೆಯಬಹುದೆ? ಕರೆಯದಿರುವುದೇ ಸರಿ. ಗಿರಣಿಯ ಹುಡುಗಿಯನ್ನು ಯಾರೂ ಮಾರಲಾರರು, ಅವಳ ಮಕ್ಕಳು ಗಿರಣಿಯ ಸ್ವತ್ತಾಗುವುದಿಲ್ಲ, ಅವಳ ಪರವಾಗಿ ಕಾನೂನಿದೆ. ಬೆನಿನ್ ತೀರದಲ್ಲಿ ಹಡಗಿನ ತಳದೊಳಗೆ ಸರಪಳಿಯಲ್ಲಿ ಮಲಗಿಸಿದವರ ನೋವನ್ನು ಸಡಿಲವಾದ ಮಾತಿನಲ್ಲಿ ಕರಗಿಸಬಾರದು. ಆದರೆ ಗುಲಾಮಗಿರಿಯಲ್ಲ ಎಂಬ ಕಾರಣಕ್ಕೆ ಅದನ್ನು ಕೇವಲ ನೌಕರಿಯ ಕರಾರು ಎಂದು ಬಿಟ್ಟುಬಿಟ್ಟರೆ 1833ರ ಅಧಿಕಾರಿಗಳ ತಪ್ಪನ್ನೇ ಮಾಡಿದಂತಾಗುತ್ತದೆ. ಯಾವುದೇ ಕಟ್ಟುಪಾಡಿನ ದುಡಿಮೆಯನ್ನು ಅಟ್ಲಾಂಟಿಕ್‌ನ ಘೋರದೊಂದಿಗೆ ತೂಗಿ ನೋಡುವ ಬದಲು ಕೇಳಬೇಕಾದ ಪ್ರಶ್ನೆ ಬೇರೆ: ಬೇಡವೆನಿಸಿದ ದಿನ ಕೈ ಬರಿದಾಗದೆ ಎದ್ದು ಹೋಗಲು ಸಾಧ್ಯವೆ?

2021ರ ಜನವರಿಯಲ್ಲಿ ದಿಂಡಿಗಲ್ ಜಿಲ್ಲೆಯ ಗಾರ್ಮೆಂಟ್ ಕಾರ್ಖಾನೆಯೊಂದರ ದಲಿತ ಯುವತಿಯ ಕೊಲೆಯಾಯಿತು. ಆರೋಪಿ ಅವಳ ಮೇಲ್ವಿಚಾರಕ. ಅಲ್ಲಿನ ಹೆಣ್ಣುಮಕ್ಕಳು ಅನುಭವಿಸುತ್ತಿದ್ದ ಲೈಂಗಿಕ ಕಿರುಕುಳದ ದೂರುಗಳು ಆಗ ಹೊರಬಂದವು. ದಲಿತ ಮಹಿಳೆಯರೇ ಮುಂದಾಳುಗಳಾಗಿರುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಹೋರಾಡಿ, ಕಾರ್ಖಾನೆಯ ಮಾಲೀಕರನ್ನೂ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡನ್ನೂ ಕಟ್ಟಿಹಾಕುವ ‘ದಿಂಡಿಗಲ್ ಒಪ್ಪಂದ’ವನ್ನು 2022ರ ಏಪ್ರಿಲ್‌ನಲ್ಲಿ ಸಾಧಿಸಿತು. ಕೆಲಸದ ನೆಲದಲ್ಲಿ ಹೆಂಗಸರೇ ನಿಗಾ ಇಡುವುದು, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳದಂತೆ ನೋಡುವುದು, ಮಾತು ತಪ್ಪಿದ ಮಾಲೀಕರಿಗೆ ಬ್ರ್ಯಾಂಡ್ ವ್ಯಾಪಾರದ ದಂಡ ಹಾಕುವುದು ಅದರ ಮುಖ್ಯ ಅಂಶಗಳು. ಬಟ್ಟೆ ಕೊಳ್ಳುವವನಿಗೆ ಅದನ್ನು ತಯಾರಿಸಿದವರ ಬಗ್ಗೆ ಹೊಣೆಯಿದೆ ಎಂಬುದನ್ನು ಕಾಗದದ ಮೇಲೆ ಬರೆಸಿದ್ದು ಸಣ್ಣ ಸಂಗತಿಯಲ್ಲ. ಗಿನಿ ಬಟ್ಟೆಯ ಕಾಲದಲ್ಲಿ ಇಂಥ ಹೊಣೆ ಯಾರಿಗೂ ಇರಲಿಲ್ಲ.

ಒಪ್ಪಂದದ ಕೆಲಸ ನಡೆಯುವುದು ಕಾರ್ಖಾನೆಯ ಒಳಗೆ. ದಳ್ಳಾಳಿಯ ಕೆಲಸ ಹಳ್ಳಿಯಲ್ಲಿ. ಅಲ್ಲಿಗೆ ಅದು ತಲುಪುವುದಿಲ್ಲ. ಹಳ್ಳಿಗೆ ಸಂಬಂಧಿಸಿದ ಅಧಿಕಾರ ಇರುವುದು 1976ರ ಕಾಯ್ದೆಯಲ್ಲಿ: ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸ್ಥಾನವಿರಬೇಕು, ಸಾಲದ ಲೆಕ್ಕ ನೋಡಿ ಬಿಡುಗಡೆ ಮಾಡಿಸುವ ಹೊಣೆ ಜಿಲ್ಲಾಧಿಕಾರಿಯದು. ದಿಂಡಿಗಲ್, ತೇನಿ ಜಿಲ್ಲೆಗಳಲ್ಲಿ ಇಂಥ ಸಮಿತಿ ತನ್ನ ಕೆಲಸ ಹುಡುಕಿಕೊಂಡು ಹೋಗಬೇಕಾದದ್ದು ಗಿರಣಿಯ ಗೇಟಿಗಿಂತ ಮೊದಲು ಮಳೆ ತಪ್ಪಿದ ವರ್ಷ ದಳ್ಳಾಳಿ ಕಾಲಿಡುವ ಚೇರಿಗಳಿಗೆ, ಮುಂಜಾನೆ ಕಂಬಂ, ಬೋಡಿಗಳಿಂದ ಏಲಕ್ಕಿ ಮಲೆಗೆ ಹೆಂಗಸರನ್ನು ತುಂಬಿಕೊಂಡು ಹೊರಡುವ ಜೀಪುಗಳು ನಿಲ್ಲುವಲ್ಲಿಗೆ. ಮುಂಗಡ ಎಷ್ಟು, ಅದನ್ನು ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬ ವಿಚಾರಣೆ ಅಲ್ಲಿಂದಲೇ ಶುರುವಾಗಬೇಕು.